ಶಟರ್ ಎತ್ತುವ ಎರಡು ಸಾಲು

೨೦೦೭ರ ಆ ಬೆಳಿಗ್ಗೆ ಹಲಸೂರಿನ ರಕ್ತನಿಧಿಯಲ್ಲಿ ಉಮ್ಮೆ ಕುಲ್ಸುಂಗೆ ಕೈಕಾಲೇ ಆಡಲಿಲ್ಲ. ಯಾವ ಶಾಖೆಯಲ್ಲಿ ಯಾವ ಗುಂಪಿನ ರಕ್ತ ಇದೆ ಎಂದು ಶಾಖೆಗಳು ಕಳಿಸುವ ಲೆಕ್ಕ ಕೇಳಿಸಿಕೊಂಡು ತಿಳಿಸುವ ಪೈಥಾನ್ ಪ್ರೋಗ್ರಾಮ್ ಬರೆದವಳು ಅವಳೇ. ಅದು ಓಡುತ್ತಿದ್ದ ಕಂಪ್ಯೂಟರ್ ಕರೆಂಟಿನ ಹೊಡೆತಕ್ಕೆ ಸುಟ್ಟುಹೋಗಿತ್ತು. ಅತ್ತ ಜೋಗುಪಾಳ್ಯದ ನರ್ಸಿಂಗ್ ಹೋಮಿನಲ್ಲಿ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ಇಲ್ಲಿ ಒಂದು ಬಾಟಲಿಯೂ ಇಲ್ಲ.

ಬೇರೆ ಕಂಪ್ಯೂಟರಿಗೆ ಹಳೆಯದರ ನೆಟ್‌ವರ್ಕ್ ವಿಳಾಸವನ್ನೇ ಕೊಟ್ಟು, ಸಿ.ಡಿ.ಯಿಂದ ಪ್ರೋಗ್ರಾಮ್ ಹಾಕಿ ಓಡಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರೋಗ್ರಾಮ್ ಮುಗಿದು ಕರ್ಸರ್ ಮರಳಿ ಬಂದು ನಿಂತಿತು. ತಪ್ಪು ಅಂತಲೂ ಹೇಳಲಿಲ್ಲ, ಸರಿ ಅಂತಲೂ ಇಲ್ಲ. ಅದು ತಪ್ಪೆಂದು ಬೈದರೆ ಉತ್ತರ ಕೊಡಬಹುದು. ಬಾಯಿಗೆ ಬೀಗ ಹಾಕಿಕೊಂಡ ಯಂತ್ರಕ್ಕೆ ಏನು ಹೇಳುವುದು, ಮಣ್ಣು?

"ಆಯ್ತೇನಮ್ಮಾ? ಇಂದಿರಾನಗರ ಶಾಖೆಯ ಫೋನು ಬರೀ ಎಂಗೇಜು," ಎಂದರು ಮೇಲ್ವಿಚಾರಕ ಮುನಿನಾರಾಯಣಪ್ಪ.

ದಿನವೂ ಅವಳ ಪ್ರೋಗ್ರಾಮನ್ನು ಶುರು ಮಾಡುತ್ತಿದ್ದುದು ಸಹೋದ್ಯೋಗಿ ವಿಶ್ರುತ್ ಇಟ್ಟಿದ್ದ ಬೇರೊಂದು ಪ್ರೋಗ್ರಾಮ್. ಅದು ಸುಟ್ಟ ಕಂಪ್ಯೂಟರಿನ ಜೊತೆಗೇ ಹೋಗಿತ್ತು. ವಿಶ್ರುತ್ ಫೋನು ಸ್ವಿಚ್ ಆಫ್.

ಶಿವಾಜಿನಗರದಲ್ಲಿ ಅವಳ ಅಬ್ಬಾ ಅಸ್ಗರ್ ಸಾಹೇಬರ ಬಟ್ಟೆ ಅಂಗಡಿ. ದಿನಾ ಹಿಂಬಾಗಿಲಿನಿಂದ ಹೋಗಿ ಗುಡಿಸಿ, ಬಟ್ಟೆ ಜೋಡಿಸಿ ಬರುವವಳು ಇವಳೇ. ಆದರೆ ಅಬ್ಬಾ ಬಂದು ಬಿಸ್ಮಿಲ್ಲಾ ಹೇಳದೆ ಶಟರಿಗೆ ಕೈ ಹಚ್ಚಿದವಳಲ್ಲ. ತನ್ನ ಕೋಡನ್ನು ಮೇಲಿಂದ ಕೆಳಗೆ ಓದಿದಳು. ಇಲ್ಲೂ ಎಲ್ಲ ಜೋಡಿಸಿದೆ, ಶಟರ್ ಎತ್ತುವವರಿಲ್ಲ!

ಕೊನೆಗೆ ಎರಡು ಸಾಲು ಸೇರಿಸಿದಳು. ಶಾಖೆಗಳ ಸಂದೇಶ ಬರುವ ಈ ಪೋರ್ಟಿನಲ್ಲಿ ಕಿವಿಗೊಡು ಅನ್ನುವುದು ಒಂದು, ಈಗ ಓಡು ಅನ್ನುವುದು ಇನ್ನೊಂದು. ತಾನೇ ಬಿಸ್ಮಿಲ್ಲಾ ಅಂದು ಎಂಟರ್ ಒತ್ತಿದಳು.

ಕರ್ಸರ್ ಈ ಸಲ ಮರಳಲಿಲ್ಲ.

"ಹ್ಯಾಂಗ್ ಆಗೋಯ್ತಲ್ಲಮ್ಮಾ. ಇರು, ಆಫ್ ಮಾಡ್ತೀನಿ," ಮುನಿನಾರಾಯಣಪ್ಪನವರ ಕೈ ಸ್ವಿಚ್ಚಿಗೆ ಹೋಯಿತು.

ಕುಲ್ಸುಂ ಹಿರಿಯರೆಂಬುದನ್ನೂ ಮರೆತು ಆ ಕೈ ಹಿಡಿದಳು. "ಮುಟ್ಬೇಡಿ ಸರ್. ಹ್ಯಾಂಗ್ ಆಗಿಲ್ಲ, ಕಾಯ್ತಾ ಇದೆ."

ಹೇಳಿದ್ದೇನೋ ಹೇಳಿದಳು, ಆದರೆ ಖಾತ್ರಿಯಿರಲಿಲ್ಲ. ತಪ್ಪಾಗಿದ್ದರೆ ಅಲ್ಲೊಂದು ಪ್ರಾಣ ಹೋಗುತ್ತದೆ. ಪರದೆ ಕಪ್ಪಗೇ ಇತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

ಸಾಲು ಮೂಡಿತು: ಇಂದಿರಾನಗರ, ಓ ನೆಗೆಟಿವ್, ಎರಡು.

ರಕ್ತ ತರಲು ಇಂದಿರಾನಗರಕ್ಕೆ ವ್ಯಾನು ಹೊರಟಿತು. ಸಂಜೆ ನರ್ಸಿಂಗ್ ಹೋಮಿನವರು ಫೋನ್ ಮಾಡಿ ತಾಯಿ ಉಳಿದಳೆಂದರು. ಕುಲ್ಸುಂ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ವಿಶ್ರುತ್ ರಾತ್ರಿ ಫೋನ್ ಮಾಡಿದ. "ನಾನಿಲ್ದೆ ಯಾರು ಸ್ಟಾರ್ಟ್ ಮಾಡಿದ್ದು?"

"ನಾನೇ," ಎಂದಳು.

ಮರುದಿನ ಅಸ್ಗರ್ ಸಾಹೇಬರು ಅಂಗಡಿಗೆ ಬಂದಾಗ ಶಟರ್ ಆಗಲೇ ಎತ್ತಿಯಾಗಿತ್ತು.