ಊರ ಕುದುರೆಯ ಹುಲ್ಲು

ಅಮೆರಿಕದ ಡಬ್ಲಿನ್‌ನ ನಮ್ಮ ಮನೆಯಿಂದ ಫ್ರೀವೇ ಹಿಡಿದರೆ ಅರ್ಧ ಗಂಟೆಯ ದಾರಿ. ಅಲ್ಲಿನ ಒಂದು ಪುಟ್ಟ ಊರಿನ ಸಿಟಿ ಆಫೀಸಿನಲ್ಲಿ, ಲೆಕ್ಕದ ವಿಭಾಗದಲ್ಲಿ, ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ನಮ್ಮ ಕಡೆಯವರೆಲ್ಲ ಪಾಲೋ ಆಲ್ಟೋ ಸುತ್ತಮುತ್ತ ದೊಡ್ಡ ಕಂಪನಿಗಳಲ್ಲಿ ಇದ್ದವರು. ಯಾರದಾದರೂ ಮನೆಯ ಗೃಹಪ್ರವೇಶದ ಊಟಕ್ಕೆ ಕೂತಾಗ ಪಕ್ಕದವರು ಎಲ್ಲಿ ಕೆಲಸ ಎಂದು ಕೇಳಿದರೆ, ನಾನು ಬೇಕೆಂದೇ ಮುನಿಸಿಪಾಲಿಟಿಯಲ್ಲಿ ಎನ್ನುತ್ತಿದ್ದೆ. ಅವರು ಹೋಳಿಗೆ ಮುರಿಯುವುದನ್ನು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಅಮೆರಿಕಕ್ಕೆ ಬಂದೂ ಮುನಿಸಿಪಾಲಿಟಿಯೇ ಎಂಬ ಮರುಕ ಅವರ ಕಣ್ಣಲ್ಲಿ ಕಾಣುತ್ತಿತ್ತು. ನನಗೆ ಅದೊಂದು ಮಜಾ.

ಹಾಗೆ ನೋಡಿದರೆ ಮುನಿಸಿಪಾಲಿಟಿ ನಮ್ಮ ಮನೆಗೆ ಹೊಸದಲ್ಲ. ನನ್ನ ತಾತ, ತಂದೆಯ ತಂದೆ, ಮಂಡ್ಯ ಸೀಮೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಹೆಡ್ ಗುಮಾಸ್ತರಾಗಿದ್ದರು. ಬೀದಿಗೆ ಸೀಮೆಎಣ್ಣೆ ದೀಪಗಳಿದ್ದ ಕಾಲ ಅದು. ಆದರೆ ಅವರ ವಿಷಯ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಕಂದಾಯದ ಹಣದಲ್ಲಿ ಕೈಯಾಡಿಸಿದರೆಂದು ಅವರ ಮೇಲೆ ಅಪವಾದ ಬಂದು, ಕೆಲಸ ಹೋಗಿ, ಆಮೇಲೆ ಸಾಯುವವರೆಗೂ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದರಂತೆ. ಅವರ ಒಂದೇ ಒಂದು ಫೋಟೋ ಇತ್ತು. ಅದನ್ನು ನನ್ನ ತಂದೆ ಗೋಡೆಗೆ ಹಾಕಲಿಲ್ಲ. ಕಬ್ಬಿಣದ ಟ್ರಂಕಿನಲ್ಲಿ ಹಳೆಯ ರೇಷ್ಮೆ ಸೀರೆಗಳ ಅಡಿಯಲ್ಲಿ ಇಟ್ಟಿದ್ದರು.

ಅಜ್ಜಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಪ್ರತಿ ಸಂಜೆ ದೇವರ ಮುಂದೆ ದೀಪ ಹಚ್ಚುವಾಗ, ತಾತ ಹೋದ ಮೇಲೂ ತೆಗೆಯದೆ ಉಳಿಸಿಕೊಂಡ ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡು, ಅದೇ ಮಾತು ಹೇಳುತ್ತಿದ್ದರು. “ನನ್ ಚಿನ್ನದ್ ಬಳೆ ಮಾರಿ ಊರಿಗೆ ದೀಪ ಹಚ್ಚುಸ್ದ್ರು ಕಣವ್ವ ನಿಮ್ ತಾತ.” ತಂದೆ ಪೇಪರಿನಿಂದ ತಲೆ ಎತ್ತದೆ ಅವರನ್ನು ಸುಮ್ಮನಿರಿಸುತ್ತಿದ್ದರು. ಗಂಡನ ಮಾನ ಮುಚ್ಚಲು ಅಜ್ಜಿ ಕಟ್ಟಿದ ಕಥೆ ಅದು ಎಂದೇ ಅವರ ನಂಬಿಕೆ. ನಾವು ಮಕ್ಕಳು ಇನ್ನೂ ಒಂದು ಕೈ ಮೇಲು. ಯಾವ ಕಂಬಕ್ಕೆ ಎಷ್ಟು ಬಳೆ ಉರಿಯಿತು ಅಜ್ಜಿ ಎಂದು ರೇಗಿಸಿ, ಅವರು ಪೊರಕೆ ಎತ್ತಿಕೊಳ್ಳುವ ಮೊದಲೇ ಓಡುತ್ತಿದ್ದೆವು.

ತಂದೆ ತೀರಿಕೊಂಡ ಮೇಲೆ ಟ್ರಂಕು ಖಾಲಿ ಮಾಡುವಾಗ ಫೋಟೋ ಯಾರಿಗೂ ಬೇಡವಾಯಿತು. ನಾನು ಸೂಟ್‌ಕೇಸಿಗೆ ಹಾಕಿಕೊಂಡು ಬಂದೆ. ಇಲ್ಲಿಯೂ ಗೋಡೆಗೆ ಹಾಕಲಿಲ್ಲ. ಲೆಕ್ಕದ ಕೆಲಸದಲ್ಲಿರುವವಳು ನಾನು. ಲೆಕ್ಕದಲ್ಲಿ ಸಿಕ್ಕಿಬಿದ್ದವರ ಫೋಟೋ ಹಾಲ್‌ನಲ್ಲಿ ತೂಗುಹಾಕಲು ಕೈ ಬರಲಿಲ್ಲ.

ನಾನು ರಿಟೈರ್ ಆಗಲು ಮೂರು ತಿಂಗಳಿದ್ದಾಗ ಒಬ್ಬ ಮುದುಕಿ ನಮ್ಮ ಕೌಂಟರಿಗೆ ಬಂದರು. ತೊಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು. ಅವರ ಕೈಯಲ್ಲಿ ಒಂದು ಗ್ರೋಸರಿ ಚೀಲ, ಅದರೊಳಗೆ ಟವೆಲ್ ಸುತ್ತಿದ ಒಂದು ಫೋಟೋ. ನಮ್ಮ ಆಫೀಸಿನ ಮೊಗಸಾಲೆಯಲ್ಲಿ, ಊರು ಹೊಸದಾಗಿ ಸಿಟಿಯಾದ ಕಾಲದ ಅಧಿಕಾರಿಗಳ ಫೋಟೋಗಳ ಸಾಲಿದೆ. ನೂರು ವರ್ಷಕ್ಕೂ ಹಿಂದಿನ ಮೀಸೆಗಳು. ಕೆಳಗಿನ ಪಟ್ಟಿಯಲ್ಲಿ ಖಜಾಂಚಿಯ ಹೆಸರಿದೆ, ಮೇಲೆ ಅವರ ಮುಖವಿಲ್ಲ. ಆ ಖಜಾಂಚಿ ಈ ಮುದುಕಿಯ ತಾತ. ಇನ್ನು ಆರು ವಾರದಲ್ಲಿ ಅವರು ಮನೆ ಮಾರಿ, ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿ ವಯಸ್ಸಾದವರಿಗೆಂದು ಇರುವ ಒಂದು ಕಡೆ ಸೇರಲಿದ್ದರು. ಅದಕ್ಕೆ ಮೊದಲು ತಾತನ ಫೋಟೋ ಆ ಸಾಲಿನಲ್ಲಿ ಸೇರಬೇಕು ಎಂಬುದು ಅವರ ಆಸೆ.

ಸಿಟಿ ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ಕಾಗದದ ಮನುಷ್ಯ. ಆ ಖಜಾಂಚಿ ರಸೀದಿಯಿಲ್ಲದೆ ಊರಿನ ಹಣ ತೆಗೆದುಕೊಂಡು, ತನಿಖೆಯಾಗಿ, ರಾಜೀನಾಮೆ ಕೊಟ್ಟರೆಂದು ಹಳೆಯ ಸಭೆಯ ನಡಾವಳಿಯಲ್ಲೇ ಬರೆದಿದೆ. ಅದನ್ನು ಸುಳ್ಳಾಗಿಸುವ ಇನ್ನೊಂದು ಕಾಗದ ಸಿಗದೆ ಫೋಟೋ ಹಾಕುವಂತಿಲ್ಲ ಎಂದರು. ನೆಲಮಾಳಿಗೆಯ ಹಳೆಯ ಪುಸ್ತಕಗಳನ್ನು ಒಮ್ಮೆ ನೋಡಿಬಿಡಿ ಎಂದು ನನಗೆ ಹೇಳಿದರು. ಹೊರಡುವವಳಿಗೆ ಕೆಲಸ ಕಡಿಮೆ, ಮುದುಕಿಗೂ ಸಮಾಧಾನ ಎಂದು ಅವರ ಲೆಕ್ಕಾಚಾರ. ಮುದುಕಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟು: “ಫೋಟೋ ಹಾಕದಿದ್ದರೂ ಪರವಾಗಿಲ್ಲ. ಅವರು ಕದ್ದರೋ ಇಲ್ಲವೋ, ಅದೊಂದು ಹೇಳಿಬಿಡಿ.”

ನೋಡುತ್ತೇನೆ ಎಂದೆ. ಆದರೂ ಮನಸ್ಸಿನಲ್ಲಿ ನಾನು ಅಂದುಕೊಂಡದ್ದು, ಪಾಪ, ಕದ್ದೇ ಇರುತ್ತಾರೆ ಎಂದು.

ದಿನವೂ ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ ಮುಗಿಸಿ, ಅರಿಸಿನ ಹತ್ತಬಾರದೆಂದು ಎರಡು ಸಲ ಕೈ ತೊಳೆದು, ನೆಲಮಾಳಿಗೆಗೆ ಇಳಿಯುತ್ತಿದ್ದೆ. ಎರಡು ಬಗೆಯ ಪುಸ್ತಕಗಳಿದ್ದವು: ಸಭೆಯ ನಡಾವಳಿಗಳು, ಮತ್ತು ಜಮಾಖರ್ಚಿನ ಪುಸ್ತಕಗಳು. ಚರ್ಮದ ರಟ್ಟು, ನೀಲಿ ಮಸಿ, ಮಣಿ ಪೋಣಿಸಿದಂಥ ಅಕ್ಷರ. ಐದು ಜನ ಸದಸ್ಯರು ತಿಂಗಳಿಗೆರಡು ಸಲ ಸೇರಿ ಊರು ನಡೆಸುತ್ತಿದ್ದರು. ಬೀದಿ ಗುಡಿಸುವ ಪೊರಕೆ ಕೊಳ್ಳಬೇಕೋ ಬೇಡವೋ ಎಂದು ಒಂದು ಇಡೀ ಸಭೆ ಜಗಳವಾಡಿದ್ದರು. ಪೊಲೀಸಿನವನೊಬ್ಬನೇ, ಅವನೇ ತೆರಿಗೆ ವಸೂಲಿ ಮಾಡಬೇಕು, ಅವನೇ ಬೀಡಾಡಿ ದನಗಳನ್ನು ದೊಡ್ಡಿಗೆ ಹೊಡೆಯಬೇಕು, ಅವನೇ ಸಂಜೆ ದೀಪ ಹಚ್ಚಬೇಕು. ನಾಯಿಗೆ ಲೈಸೆನ್ಸು, ಹೆಂಡದಂಗಡಿಗೆ ಲೈಸೆನ್ಸು. ಯಾರೋ ಒಬ್ಬರು ಪಕ್ಕದ ಮನೆಯವರ ಹಸು ತಮ್ಮ ಗುಲಾಬಿ ತಿಂದಿತೆಂದು ಮೂರು ಸಲ ಅರ್ಜಿ ಕೊಟ್ಟಿದ್ದರು. ಆಫೀಸಿನಲ್ಲಿ ಮೇಲೆ ಕಂಪ್ಯೂಟರಿನಲ್ಲಿ ನಾನು ನೋಡುತ್ತಿದ್ದ ಬಡ್ಜೆಟ್ಟಿಗಿಂತ ಈ ಊರು ನನಗೆ ಹತ್ತಿರದ್ದಾಗಿ ಕಂಡಿತು. ನನ್ನ ಊರೇ ಇದು ಅನ್ನಿಸಿತು.

ಒಂದು ನಿರ್ಣಯ ಓದಿದಾಗಲಂತೂ ಕಣ್ಣು ತುಂಬಿ ಬಂತು. ಖರ್ಚು ಉಳಿಸಲು ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಬೀದಿ ದೀಪ ಹಚ್ಚಕೂಡದು ಎಂದು ಬರೆದಿತ್ತು. ನಮ್ಮ ಊರಿನಲ್ಲೂ ಇದೇ ಪದ್ಧತಿಯಿತ್ತೆಂದು ಅಜ್ಜಿ ಹೇಳುತ್ತಿದ್ದರು. ತಾತ ತಿಂಗಳ ಮೊದಲಲ್ಲಿ ಪಂಚಾಂಗ ಬಿಡಿಸಿಕೊಂಡು ಕೂತು, ಯಾವ ತಿಥಿಗೆ ಎಷ್ಟು ಎಣ್ಣೆ ಎಂದು ಬರೆದಿಡುತ್ತಿದ್ದರಂತೆ. ನೆರೆಯವರು ಮುಹೂರ್ತ ಕೇಳಲು ಬಂದರೆ, ಇದು ಮದುವೆಯ ಪಂಚಾಂಗವಲ್ಲ, ದೀಪದ ಪಂಚಾಂಗ ಎಂದು ಕಳಿಸುತ್ತಿದ್ದರಂತೆ. ಅಷ್ಟು ದೂರದ ಎರಡು ಊರುಗಳು ಒಂದೇ ಚಂದ್ರನನ್ನು ನೆಚ್ಚಿಕೊಂಡು ಎಣ್ಣೆ ಉಳಿಸಿದ್ದವು.

ಖಜಾಂಚಿಗೆ ಇದು ಪೂರ್ತಿ ಸಂಬಳದ ಕೆಲಸವಾಗಿರಲಿಲ್ಲ. ಅವರದು ಮೊಳೆ, ಬಣ್ಣ ಮಾರುವ ಒಂದು ಅಂಗಡಿ; ಸಂಜೆ ಹೊತ್ತು ಊರಿನ ಲೆಕ್ಕ. ತಪ್ಪು ಎಂದು ತೋರಿಸಿದ್ದ ಪುಟ ಬೇಗ ಸಿಕ್ಕಿತು. ನವೆಂಬರಿನಲ್ಲಿ ತೆರಿಗೆ ಹಣ ಬಂದ ವಾರವೇ ಅವರು ತಮ್ಮ ಹೆಸರಿಗೆ ಒಂದು ಮೊತ್ತ ಖರ್ಚು ಹಾಕಿಕೊಂಡಿದ್ದರು. ಏತಕ್ಕೆಂದು ಬರೆದಿಲ್ಲ, ರಸೀದಿ ಇಲ್ಲ. ತನಿಖೆಗೆ ಬಂದವನು ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದ. ನಾನು ಅವನ ಜಾಗದಲ್ಲಿದ್ದರೂ ಎಳೆಯುತ್ತಿದ್ದೆ. ಪುಸ್ತಕ ಮುಚ್ಚಿ, ಮುದುಕಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಮನೆಗೆ ಹೋದೆ.

ರಾತ್ರಿ ಊಟಕ್ಕೆ ಬಡಿಸುವಾಗ ಗಂಡನ ಹತ್ತಿರ ಈ ವಿಷಯ ಹೇಳಿದೆ. ಅವರು ಎಂಜಿನಿಯರು, ಹಣದ ವಿಷಯ ತಲೆಗೆ ಹೋಗದು. ಎಲ್ಲ ಬಿಟ್ಟು ಊರಿಗೆ ಎಷ್ಟು ಕುದುರೆ ಇದ್ದವು ಎಂದು ಕೇಳಿದರು. ಒಂದೇ ಕುದುರೆ ಎಂದೆ. ಬೆಳಗ್ಗೆ ಧೂಳು ಏಳದಂತೆ ಬೀದಿಗೆ ನೀರು ಚಿಮುಕಿಸುವ ಗಾಡಿ ಎಳೆಯುವುದೂ ಅದೇ, ಬೆಂಕಿಯ ಗಂಟೆ ಬಾರಿಸಿದರೆ ಪಂಪಿನ ಗಾಡಿ ಎಳೆಯುವುದೂ ಅದೇ. ಹಾಗೆ ಹೇಳುತ್ತಾ ಹೇಳುತ್ತಾ ಸೌಟು ಕೈಯಲ್ಲೇ ನಿಂತಿತು. ಆ ಬೇಸಿಗೆಯ ಪುಟಗಳಲ್ಲಿ ಕುದುರೆಯ ಲಾಳದ ಖರ್ಚು ನೋಡಿದ್ದೆ, ಹುಲ್ಲಿನ ಖರ್ಚು ನೋಡಿರಲಿಲ್ಲ.

ಮರುದಿನ ಮಧ್ಯಾಹ್ನದವರೆಗೆ ಕಾಯಲಿಲ್ಲ. ಬೆಳಗ್ಗೆಯೇ ಇಳಿದೆ. ಈ ಊರುಗಳಿಗೆ ತೆರಿಗೆ ಬರುವುದು ಚಳಿಗಾಲದ ಹೊಸ್ತಿಲಲ್ಲಿ. ಬೇಸಿಗೆಯ ಕೊನೆಯಲ್ಲಿ ಬೊಕ್ಕಸ ಬರಿದು. ಜೂನಿನವರೆಗೆ ಪ್ರತಿ ತಿಂಗಳೂ ಒಣಹುಲ್ಲು, ಓಟ್ಸು ಎಂದು ಖರ್ಚಿದೆ. ಜುಲೈ ನಡಾವಳಿಯಲ್ಲಿ ಹುಲ್ಲಿನ ವ್ಯಾಪಾರಿಯ ಪತ್ರ: ಹಳೆಯ ಬಾಕಿ ತೀರುವವರೆಗೆ ಸಾಲ ಕೊಡುವುದಿಲ್ಲ. ಸದಸ್ಯರು ಪತ್ರವನ್ನು ಓದಿ, ಮುಂದಿನ ಸಭೆಗೆ ಹಾಕಿದರು. ಮುಂದಿನ ಸಭೆಯವರು ಅದರ ಮುಂದಿನದಕ್ಕೆ. ಆ ಮೇಲೆ ನವೆಂಬರಿನವರೆಗೆ ಹುಲ್ಲಿಗೆ ಒಂದು ಕಾಸೂ ಖರ್ಚಿಲ್ಲ. ಆದರೆ ಆ ತಿಂಗಳುಗಳಲ್ಲೆಲ್ಲ ನೀರಿನ ಗಾಡಿ ದಿನವೂ ಓಡಿದೆ; ಸೆಪ್ಟೆಂಬರಿನಲ್ಲಿ ಒಂದು ಮರದ ಮಿಲ್ಲಿಗೆ ಬಿದ್ದ ಬೆಂಕಿಯನ್ನೂ ಅದೇ ಕುದುರೆ ಓಡಿಹೋಗಿ ಆರಿಸಲು ನೆರವಾಗಿದೆ. ನಾಲ್ಕು ತಿಂಗಳು ಉಪವಾಸ ಬಿದ್ದ ಕುದುರೆ ಬೆಂಕಿಗೆ ಓಡುವುದಿಲ್ಲ. ಹಿಂದಿನ ವರ್ಷದ ದರ ಹಿಡಿದು ನಾಲ್ಕು ತಿಂಗಳ ಹುಲ್ಲಿನ ಲೆಕ್ಕ ಕಟ್ಟಿದೆ. ಖಜಾಂಚಿ ತೆಗೆದುಕೊಂಡಿದ್ದ ಮೊತ್ತ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇತ್ತು. ಹುಲ್ಲಿಗೆ ತಮ್ಮ ಕೈಯಿಂದ ಹಾಕಿದ್ದನ್ನು ತೆರಿಗೆ ಬಂದ ಮೇಲೆ ಹಿಂದಕ್ಕೆ ತೆಗೆದುಕೊಂಡಿದ್ದರು, ಅಷ್ಟೆ.

ಅವರು ಬರೆಯಲಿಲ್ಲ ಏಕೆ ಎಂದು ನನ್ನಂಥವಳಿಗೆ ಯಾರೂ ಹೇಳಬೇಕಿಲ್ಲ. ಬರೆದರೆ, ಊರಿನ ಕುದುರೆಗೆ ಊರು ಹುಲ್ಲು ಹಾಕಲಿಲ್ಲ ಎಂದು ಊರಿನ ಪುಸ್ತಕದಲ್ಲೇ ಉಳಿಯುತ್ತದೆ. ಪುಸ್ತಕವನ್ನು ಪ್ರೀತಿಸುವವರು ಮಾತ್ರ ಮಾಡುವ ತಪ್ಪು ಅದು.

ಮುದುಕಿಯನ್ನು ಕರೆಸಿ ಎಲ್ಲವನ್ನೂ ಪುಟ ಪುಟವಾಗಿ ತೋರಿಸಿದೆ. ಅವರು ಹುಲ್ಲಿನ ಪುಟವನ್ನು ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ಪಿಯಾನೋದ ವಿಷಯ ಹೇಳಿದರು. ಅವರ ತಾಯಿಗೆ ಆರು ವರ್ಷವಾಗಿದ್ದಾಗ, ಬೇಸಿಗೆ ರಜ ಕಳೆದು ಸ್ಕೂಲು ತೆರೆದ ದಿನ, ಹೊಸ ಬೂಟು ಹಾಕಿಕೊಂಡು ಮನೆಗೆ ಬಂದರೆ ನಾಲ್ಕು ಜನ ಮನೆಯ ಪಿಯಾನೋ ಹೊತ್ತು ಗಾಡಿಗೆ ಏರಿಸುತ್ತಿದ್ದರಂತೆ. ತಾತ ಜೂಜಿನಲ್ಲಿ ಸೋತು ಮಾರಿದರು ಎಂದು ಊರು ಆಡಿಕೊಂಡಿತು, ಮನೆಯವರೂ ನಂಬಿದರು. ಅಜ್ಜಿ ಮಾತ್ರ, ಕುದುರೆ ನನ್ನ ಪಿಯಾನೋ ತಿಂದುಬಿಟ್ಟಿತು ಎಂದು ಕೊನೆಯವರೆಗೂ ಗೊಣಗುತ್ತಿದ್ದರಂತೆ. ಕುದುರೆ ಎಂದರೆ ಜೂಜಿನ ಕುದುರೆ ಇರಬೇಕು ಎಂದು ಇವರೆಲ್ಲ ಅಂದುಕೊಂಡಿದ್ದರು.

ಇಲ್ಲಿ ಸ್ಕೂಲು ತೆರೆಯುವುದು ಆಗಸ್ಟಿನ ಕೊನೆಯಲ್ಲಿ. ಖಜಾಂಚಿ ಊರಿನ ಹಣ ಮುಟ್ಟಿದ್ದು ನವೆಂಬರಿನಲ್ಲಿ. ಬೊಕ್ಕಸಕ್ಕೆ ಕೈ ಹಾಕುವವನು ಮೂರು ತಿಂಗಳ ಮೊದಲೇ ಹೆಂಡತಿಯ ಪಿಯಾನೋ ಮಾರುವುದಿಲ್ಲ. ಅವರಿಗೂ ಇದನ್ನೇ ಹೇಳಿದೆ. ಮುದುಕಿ ನನ್ನ ಕೈ ಹಿಡಿದುಕೊಂಡರು. “ಅಜ್ಜಿಯನ್ನು ಯಾರೂ ನಂಬಲಿಲ್ಲ,” ಎಂದರು.

ಅವರು ಹೇಳಿದ್ದು ತಮ್ಮ ಅಜ್ಜಿಯ ವಿಷಯ. ನನ್ನ ಕಿವಿಯಲ್ಲಿ ಗಾಜಿನ ಬಳೆಗಳ ಸದ್ದು ಕೇಳಿಸಿತು.

ಮ್ಯಾನೇಜರಿಗೆ ಒಂದೂವರೆ ಪುಟದ ಟಿಪ್ಪಣಿ ಬರೆದುಕೊಟ್ಟೆ. ಇದು ಪುರಾವೆಯೇ ಎಂದು ಅವರು ಕೇಳಿದರು. ಪುರಾವೆ ಎನ್ನಲಾರೆ, ಆದರೆ ಕುದುರೆ ಬದುಕಿತ್ತು, ಅದು ನಿಮ್ಮ ನಡಾವಳಿಯಲ್ಲೇ ಇದೆ ಎಂದೆ. ಅವರು ಎರಡು ಸಲ ಓದಿ ಸಹಿ ಮಾಡಿದರು. ಮುದುಕಿ ವಾಲ್ನಟ್ ಕ್ರೀಕಿಗೆ ಹೊರಡುವ ನಾಲ್ಕು ದಿನ ಮೊದಲು ಫೋಟೋ ಗೋಡೆಗೆ ಏರಿತು. ಮೀಸೆಗಳ ನಡುವೆ ಅದೂ ಒಂದು ಮೀಸೆ. ಅವರು ಮುಂದೆ ನಿಂತು ನೋಡಿದರು, ಫ್ರೇಮು ಸೊಟ್ಟಗಿದೆ ಎಂದು ತಾವೇ ಸರಿಮಾಡಿದರು, ಖಾಲಿ ಚೀಲ ಮಡಿಸಿಕೊಂಡು ಹೋದರು.

ನನ್ನ ತಾತನ ಪುಸ್ತಕಗಳು ಈಗ ಎಲ್ಲೂ ಇಲ್ಲ. ನಮ್ಮ ಊರಿನ ಪುರಸಭೆಯ ಹಳೆಯ ಕಟ್ಟಡ ಕೆಡವಿದಾಗ, ಗೆದ್ದಲು ಬಿಟ್ಟದ್ದನ್ನೆಲ್ಲ ಸುಟ್ಟರಂತೆ. ಯಾವ ತಿಂಗಳು ಸೀಮೆಎಣ್ಣೆಯ ಖರ್ಚು ಬಿಟ್ಟುಹೋಗಿತ್ತು, ಆ ತಿಂಗಳೂ ದೀಪ ಉರಿದಿತ್ತೇ ಎಂದು ಹುಡುಕಲು ನನಗೆ ಪುಟಗಳೇ ಇಲ್ಲ. ಇಪ್ಪತ್ತೆರಡು ವರ್ಷ ಪರರ ಊರಿನ ಲೆಕ್ಕ ನೋಡಿದವಳಿಗೆ ಇದೊಂದು ಸಂಕಟ. ಅದಕ್ಕಿಂತ ದೊಡ್ಡ ಸಂಕಟ, ಸಾಕ್ಷಿ ಹೇಳುವವರು ಪ್ರತಿ ಸಂಜೆ ನಮ್ಮ ಮುಂದೆಯೇ ಕೂತಿದ್ದರು ಎಂಬುದು.

ರಿಟೈರ್ ಆದ ವಾರ ಸೂಟ್‌ಕೇಸಿನಿಂದ ತಾತನ ಫೋಟೋ ತೆಗೆದು, ಒರೆಸಿ, ಹಾಲ್‌ನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಭಾನುವಾರ ಮಗಳು ಊಟಕ್ಕೆ ಬಂದವಳು ಯಾರಿದು ಎಂದಳು. ಅವಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪುರಸಭೆ, ಕಂದಾಯ, ಅಪವಾದ, ಬಳೆ, ಎಲ್ಲ ಹೇಳಿದೆ. ತಾತ ಆ ಹಣ ಕದ್ದಿರಲಿಲ್ಲ ಎಂದೂ ಹೇಳಿದೆ. ಅವಳು ನನ್ನ ಮಗಳೇ, ಸುಮ್ಮನೆ ಒಪ್ಪುವವಳಲ್ಲ.

“ಹೌ ಡು ಯು ನೋ, ಅಮ್ಮ?” ಎಂದಳು.

“ನಮ್ಮಜ್ಜಿ ಹೇಳಿದ್ರು,” ಅಂದೆ. “ದಿನಾ ಸಂಜೆ ಹೇಳ್ತಿದ್ರು. ನಾವು ನಗ್ತಿದ್ವಿ.”