ಹಿಟ್ಟಿನ ಗುಳಿಗಿ

ಲಗಮವ್ವ ಹಾರೂಗೇರಿ ಹತ್ತಿರದ ತೋಟದ ವಸ್ತಿಗೆ ಜಕ್ಕಪ್ಪನ ಹೆಂಡತಿಯಾಗಿ ಬಂದಾಗ ಆ ಮನೆಯಲ್ಲಿ ಎಮ್ಮೆಗಳಿದ್ದವು, ಹಿಂಡುವವರಿರಲಿಲ್ಲ. ಅತ್ತೆ ಕಾಳವ್ವನ ಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಕುರಿ ಸಾಕುವ ಮನೆಯಲ್ಲಿ ಬೆಳೆದ ಸೊಸೆಗೆ ಈ ಕೆಲಸ ಭಾರವೆನಿಸಲಿಲ್ಲ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಸಾವಿರದ ಒಂಬೈನೂರ ಎಂಬತ್ತನಾಲ್ಕರ ಸುಮಾರಿಗೆ ಅವಳ ಸಂಜೆಗಳು ಕೆಟ್ಟವು.

ಮುಂಜಾನೆ ಎಲ್ಲರಂತೆ ಏಳುತ್ತಿದ್ದಳು. ಹೊತ್ತು ಇಳಿಯುತ್ತಿದ್ದಂತೆ ಕಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು, ಎದುರಿಗಿದ್ದದ್ದು ಎರಡೆರಡಾಗಿ ಕಾಣುತ್ತಿತ್ತು, ಅರ್ಧ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ಸೋಲುತ್ತಿತ್ತು. ಎರಡನೆಯ ಎಮ್ಮೆಯ ಹತ್ತಿರ ಕೂರುವ ಹೊತ್ತಿಗೆ ಬೆರಳು ನಿತ್ರಾಣವಾಗಿ ಹಾಲು ಕೆಚ್ಚಲಲ್ಲೇ ಉಳಿಯುತ್ತಿತ್ತು. ಕಾಳವ್ವ ಇದಕ್ಕೆ ಬೇರೆ ಅರ್ಥ ಹಚ್ಚಿದಳು: ಸೊಸೆ ಸಂಜೆಯ ಹಾಲನ್ನು ತವರಿಗೆ ಸಾಗಿಸುತ್ತಾಳೆ. ಒಳ್ಳೆಯ ಎಮ್ಮೆಯೊಂದರ ಕೆಚ್ಚಲು ಬಾತಾಗ ಮೈಗಳ್ಳಿ ಎಂಬ ಹೆಸರೂ ಸೇರಿತು. ಮುಂಜಾನೆ ಗಟ್ಟಿಯಾಗಿರುವವಳಿಗೆ ಸಂಜೆಯಷ್ಟೇ ಬರುವ ಜಡ್ಡು ಯಾವುದು ಎಂದು ನೆರೆಹೊರೆಯವರೂ ನಕ್ಕರು. ಜಕ್ಕಪ್ಪ ಹೆಂಡತಿಯನ್ನು ಹೊಡೆದವನಲ್ಲ. ತಾಯಿಯ ಎದುರು ಒಂದು ಮಾತು ಆಡಿದವನೂ ಅಲ್ಲ. ಒಂದು ದಿನ ಅವಳನ್ನು ತವರಿಗೆ ಕರೆದೊಯ್ದು ಬಿಟ್ಟು ಬಂದ.

ಅಣ್ಣ ಭೀಮಸಿ ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಸುಗ್ಗಿ ಮುಗಿದ ಮೇಲೆ ತಂಗಿಯನ್ನು ಕುಡಚಿಯಲ್ಲಿ ರೈಲು ಹತ್ತಿಸಿ ಮಿರಜಿಗೆ ಒಯ್ದ. ಅಲ್ಲಿಯ ಡಾಕ್ಟರು ಅವಳಿಗೆ ತಲೆಯ ಮೇಲಿನ ಛಾವಣಿಯನ್ನೇ ನೋಡುತ್ತ ಇರಲು ಹೇಳಿದರು. ಸ್ವಲ್ಪ ಹೊತ್ತಿಗೆ ರೆಪ್ಪೆಗಳು ತಾವೇ ಮುಚ್ಚಿಕೊಂಡವು. ಒಂದು ಸೂಜಿ ಹಾಕಿ ಕಾದರು. ಲಗಮವ್ವ ಕಣ್ಣು ಅಗಲಿಸಿ ಅಣ್ಣನನ್ನು ನೋಡಿದಳು.

"ಅಣ್ಣಾ, ನೀ ಈಗ ಒಬ್ಬನs ಕಾಣಾಕತ್ತಿ."

ಭೀಮಸಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಮದ್ದಿನ ಬಲ ಇಳಿದಾಗ ಅವನು ಮತ್ತೆ ಇಬ್ಬರಾದ. ಆದರೆ ಜಡ್ಡು ಖರೆ ಎಂದು ಒಬ್ಬರಾದರೂ ಹೇಳಿದ್ದರು. ರೋಗದ ವಿರುದ್ಧ ಕಾದಾಡಬೇಕಾದ ಮೈಯ ಶಕ್ತಿ ದಾರಿ ತಪ್ಪಿ, ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನೇ ತಡೆಯುತ್ತಿದೆ, ದುಡಿದಷ್ಟೂ ಸ್ನಾಯು ಸೋಲುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಅವರು ಕೊಟ್ಟ ಗುಳಿಗೆ ಕೆಲವು ತಾಸು ಮಾತ್ರ ಹಿಡಿಯುತ್ತಿತ್ತು.

ಎಂಬತ್ತೊಂಬತ್ತರಲ್ಲಿ ಅವರೇ ಅವಳನ್ನು ಪುಣೆಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಈ ಜಡ್ಡಿನ ಮೂಲಕ್ಕೇ ನಾಟುವ ಔಷಧದ ಪರೀಕ್ಷೆ ನಡೆದಿತ್ತು. ಶೇವಂತಾ ಎಂಬ ನರ್ಸ್ ಮರಾಠಿಯಲ್ಲಿ ಬಿಡಿಸಿ ಹೇಳಿದಳು: ಹಳೆಯ ಗುಳಿಗೆ ಎಲ್ಲರಿಗೂ ಇರುತ್ತದೆ. ಅದರ ಜೊತೆ ಅರ್ಧ ಜನಕ್ಕೆ ಹೊಸ ಔಷಧ, ಅರ್ಧ ಜನಕ್ಕೆ ಅದರಂತೆಯೇ ಕಾಣುವ, ಏನೂ ಇಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಈ ಜಡ್ಡು ತಾನಾಗಿಯೇ ಏರಿಳಿಯುತ್ತದೆ, ಹಾಗಾಗಿ ಹೋಲಿಸಿ ನೋಡದೆ ಗುಣ ಔಷಧದ್ದೋ ಅಲ್ಲವೋ ತಿಳಿಯದು. ಲಗಮವ್ವ ಒಪ್ಪಿ ಹೆಬ್ಬೆಟ್ಟು ಒತ್ತಿದಳು.

ಮೊದಲ ತಿಂಗಳುಗಳಲ್ಲಿ ಅವಳು ನಿಜಕ್ಕೂ ಸುಧಾರಿಸಿದಳು. ಕೈ ಚಾಚಿ ಹಿಡಿದು, ಧ್ವನಿ ಸೋಲುವ ತನಕ ಎಣಿಸುತ್ತ ಹೋಗುವ ತಪಾಸಣೆಯಲ್ಲಿ ಮುಂಚಿಗಿಂತ ಮುಂದೆ ಹೋದಳು. ಸುದ್ದಿ ತಿಳಿದ ಜಕ್ಕಪ್ಪ ಅವಳ ತವರಿಗೆ ಬಂದು, ಆರಾಮಾದ ಮೇಲೆ ಕರೆದೊಯ್ಯುತ್ತೇನೆ ಅಂದ. ಅವಳು ಅದನ್ನೇ ನಂಬಿಕೊಂಡು ಕೂತಳು. ವರ್ಷ ತುಂಬುವಷ್ಟರಲ್ಲಿ ರೆಪ್ಪೆ ಮತ್ತೆ ಜೋತುಬಿತ್ತು.

ಪರೀಕ್ಷೆ ಮುಗಿದಾಗ ಗುಟ್ಟು ಬಿಚ್ಚಿ ಹೇಳಿದರು. ಔಷಧ ಕೆಲಸ ಮಾಡಿತ್ತು, ಆದರೆ ಲಗಮವ್ವನಿಗೆ ಸಿಕ್ಕಿದ್ದು ಹುಸಿ ಗುಳಿಗೆ. ಇನ್ನು ಮುಂದೆ ಅವಳಿಗೂ ಖರೆ ಔಷಧ ಕೊಡುತ್ತೇವೆ, ಗುಣ ಕಾಣಲು ತಿಂಗಳುಗಳು ಬೇಕು ಎಂದರು. ಭೀಮಸಿ ಖುಷಿಯಿಂದ ಊರಿಗೆ ಬಂದ. ಹಾರೂಗೇರಿ ಸಂತೆಯಲ್ಲಿ ಸಿಕ್ಕ ಜಕ್ಕಪ್ಪನಿಗೆ, ಇಲ್ಲಿ ತನಕ ಕೊಟ್ಟಿದ್ದು ಬರೀ ಹಿಟ್ಟಿನ ಗುಳಿಗಿ, ಖರೆ ಔಷಧ ಈಗ ಶುರುವಾಗಿದೆ, ಇನ್ನಷ್ಟು ತಡಕೋ ಎಂದು ಧೈರ್ಯ ಹೇಳಿದ. ಆ ಮಾತು ಕಾಳವ್ವನ ಕಿವಿಗೆ ಬಿತ್ತು.

ಸಂಬಂಧ ಹರಿಯಬೇಕೆಂದು ಅವಳು ಊರ ಹಿರಿಯರನ್ನು ಕೂಡಿಸಿದಳು. ಮುಂಜಾನೆ ಸೇರೋಣ ಎಂದು ಭೀಮಸಿ ಬೇಡಿಕೊಂಡ. ಮುಂಜಾನೆ ಯಾರಿಗೆ ಪುರುಸೊತ್ತು ಎಂದು ಹಿರಿಯ ತವನಪ್ಪ ಸಂಜೆಯನ್ನೇ ಗೊತ್ತುಮಾಡಿದ.

"ಹಿಟ್ಟಿನ ಗುಳಿಗಿ ನುಂಗಿ ಆರಾಮ ಆಗಿದ್ಲು ಅಂದಮ್ಯಾಲೆ ಜಡ್ಡರೆ ಎಲ್ಲಿತ್ರಿ?" ಎಂದಳು ಕಾಳವ್ವ. "ಹಾಲು ಕದ್ದಾಕಿ ನಾಟಕಾನೂ ಕಲತಾಳ."

ತವನಪ್ಪ ಲಗಮವ್ವನ ಕಡೆ ತಿರುಗಿದ. "ನೀ ಏನ್ ಹೇಳತಿವಾ?"

ಅವಳು ಹೇಳತೊಡಗಿದಳು. ನರ್ಸ್ ಹೇಳಿದ್ದೆಲ್ಲ ಅವಳಿಗೆ ನೆನಪಿತ್ತು. ಆದರೆ ಮೊದಲ ಮಾತು ಮೂಗಿನಲ್ಲೇ ಉಳಿಯಿತು, ಎರಡನೆಯದು ಯಾರಿಗೂ ತಿಳಿಯಲಿಲ್ಲ. ಬಿದ್ದ ದವಡೆಯನ್ನು ಅಂಗೈಯಿಂದ ಎತ್ತಿ ಹಿಡಿದು ಮತ್ತೆ ಯತ್ನಿಸಿದಳು. ಯಾರೋ ಕಿಸಕ್ಕನೆ ನಕ್ಕರು. ಭೀಮಸಿ ಎದ್ದು ಹೇಳಹೋದರೆ, ನಿನ್ನನ್ನು ಕೇಳಿಲ್ಲ ಅಂದರು. ಸಂಬಂಧ ಅಲ್ಲಿಗೆ ಹರಿಯಿತು. ಜಕ್ಕಪ್ಪ ಅತ್ತು ಎದ್ದುಹೋದ. ಮುಂದಿನ ಬೇಸಿಗೆಯಲ್ಲಿ ಅಥಣಿ ಕಡೆಯ ಹೆಣ್ಣನ್ನು ಮಾಡಿಕೊಂಡ.

ಅದೇ ಬೇಸಿಗೆಯಲ್ಲಿ ಖರೆ ಔಷಧ ಲಗಮವ್ವನ ಮೈಗೆ ಹತ್ತಿತು. ಸಂಜೆ ಊಟ ಮಾಡುವಂತಾದಳು, ಸ್ಪಷ್ಟವಾಗಿ ಮಾತಾಡುವಂತಾದಳು. ಆಡಬೇಕಾದ ಮಾತಿಗೆ ಈಗ ಕೇಳುವವರು ಇರಲಿಲ್ಲ. ಅಣ್ಣನ ಮನೆಯಲ್ಲೇ ಉಳಿದು, ತಪಾಸಣೆಗೆ ಪುಣೆಗೆ ಹೋಗಿ ಬರುತ್ತಿದ್ದಳು.

ತೊಂಬತ್ತಾರರಲ್ಲಿ ಅಲ್ಲಿ ಇನ್ನೊಂದು ಔಷಧದ ಪರೀಕ್ಷೆ ಶುರುವಾಯಿತು. ಕುಡಚಿಯ ಮುಸಲ್ಮಾನರೊಬ್ಬರು ಅದೇ ಜಡ್ಡಿನ, ಹೊಸದಾಗಿ ಮದುವೆಯಾದ ಮಗಳನ್ನು ಕರೆತಂದಿದ್ದರು. ಸೇರಿಸಬೇಕೋ ಬೇಡವೋ ಎಂದು ತಿಳಿಯದೆ ತಮ್ಮ ಕಡೆಯವಳೆಂದು ಲಗಮವ್ವನನ್ನು ಕೇಳಿದರು.

"ಸೇರಸ್ರಿ ಚಾಚಾ, ಹಂಗ ಮಾಡಿದ್ರs ಔಷಧ ಯಾವ್ದಂತ ಗೊತ್ತಾಗೂದು," ಎಂದಳು. ಆಮೇಲೆ ಧ್ವನಿ ತಗ್ಗಿಸಿದಳು. "ಆದ್ರ ಹುಸಿ ಗುಳಿಗಿ ಬಂದಿತ್ತಂದ್ರ ಆಕಿ ಗಂಡನ ಮನ್ಯಾಗ ಹೇಳಬ್ಯಾಡ್ರಿ."