ಹಸಿದು ಕೂತ ಅಜ್ಜಾರು

ಮಸ್ಕಿ ಹತ್ತಿರದ ನಮ್ಮೂರ ಮಠದ ಅಜ್ಜಾರು ದಿನಾ ಸಂಜೆ ಒಂದೇ ಮಾತು ಹೇಳುತ್ತಿದ್ದರು: "ದೇಹ ಸುಳ್ಳಪ್ಪಾ, ಸುಳ್ಳು." ಹೇಳಿ ಮುಗಿಸಿ, ಹೊಟ್ಟೆ ಸವರಿಕೊಂಡು ಅಡುಗೆಮನೆಯ ಕಡೆ ನೋಡುತ್ತಿದ್ದರು. ಹೋಳಿಗೆ ಮಾಡಿದ ದಿನ ಪ್ರವಚನ ಬೇಗ ಮುಗಿಯುತ್ತಿತ್ತು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಕಾಲುವೆಯ ಮಣ್ಣು ಹೊತ್ತವನು ನಾನು. ದಣಿದ ಮೈ ಸುಳ್ಳೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ.

ನನ್ನ ತಮ್ಮ ಮಾತ್ರ ನಂಬಿದ. ಲಿಂಗಸುಗೂರಿನಲ್ಲಿ ಮೆಟ್ರಿಕ್ ನಪಾಸಾಗಿ ಬಂದವನು ಊಟ ಬಿಟ್ಟು ಮಠದಲ್ಲೇ ಕೂರುತ್ತಿದ್ದ. ಒಂದು ಸಂಜೆ ಎಲ್ಲರೆದುರು ಕೇಳಿದ: "ಅಜ್ಜಾರ, ಸುಳ್ಳು ಅಂದಮ್ಯಾಲೆ ಈ ದೇಹ ಇವತ್ತೇ ಬಿಟ್ರ ತಪ್ಪೇನ್ರಿ?"

ಹಿಂದೆ ಕೂತಿದ್ದ ಅವ್ವ ಎದ್ದು ನಿಂತಳು. ಅಜ್ಜಾರ ಕೈ ಹೊಟ್ಟೆಯ ಮೇಲೆಯೇ ನಿಂತಿತು. ಅವರು ಶಾಸ್ತ್ರ ಹೇಳಲಿಲ್ಲ.

"ನಾಳಿಂದ ನನ್ನ ಲಿಂಗಪೂಜಿಗೆ ನೀರು ನೀನೇ ತರಬೇಕಲೇ. ಬ್ಯಾರೆಯವರು ತಂದ್ರ ಮುಟ್ಟಂಗಿಲ್ಲ. ಪೂಜಿ ಇಲ್ದ ನಾ ಉಣ್ಣಂಗಿಲ್ಲ, ಗೊತ್ತೈತಲ್ಲ?"

ಮರುದಿನ ತಮ್ಮ ಮುಸುಕು ಹೊದ್ದು ಮಲಗಿಬಿಟ್ಟ. ಮಧ್ಯಾಹ್ನ ಮಠದ ಅಡುಗೆಯವಳು ಓಡಿಬಂದಳು. "ಅಜ್ಜಾರು ಇನ್ನಾ ಉಂಡಿಲ್ಲೋ ಯಪ್ಪಾ. ರೊಟ್ಟಿ ನೋಡಿ ನೋಡಿ ಕಣ್ಣಾಗ ನೀರು ತಂದಾರ."

ತಮ್ಮ ಕೊಡ ಹಿಡಿದು ಓಡಿದ. ಅಜ್ಜಾರು ಅವಸರದಲ್ಲಿ ಪೂಜೆ ಮುಗಿಸಿ, ಎದುರಿಗೇ ಅವನಿಗೂ ಎಲೆ ಹಾಕಿಸಿದರು. ಅವನು ರೊಟ್ಟಿ ಮುರಿಯುವ ತನಕ ತಾವೂ ಮುರಿಯಲಿಲ್ಲ.

ಆ ಸಂಜೆಯೂ "ದೇಹ ಸುಳ್ಳಪ್ಪಾ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ನಾಳೆ ಮಾತ್ರ ಹೊತ್ತು ಮಾಡಬ್ಯಾಡಲೇ" ಎಂದರು.